ಆಟದ ಪೆಟ್ಟಿಗೆ ಅಂಗೈಗೆ ಬಂದ ಬಗೆ

ಇಂದಿನ ಬಸವಕಲ್ಯಾಣ ಒಂದು ಕಾಲಕ್ಕೆ ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥವನ್ನು ರಚಿಸಿದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳು. ಒಟ್ಟು ನೂರು ಅಧ್ಯಾಯ. ರಾಜ್ಯ ಗಳಿಸುವುದು, ಗಳಿಸಿದ್ದನ್ನು ಉಳಿಸಿಕೊಳ್ಳುವುದು, ಊಟ ಉಡುಗೆಗಳ ಭೋಗ ಇವೆಲ್ಲ ಮುಗಿದ ಮೇಲೆ ಕೊನೆಯ ಎರಡು ಭಾಗಗಳು ವಿನೋದಕ್ಕೆ ಮತ್ತು ಕ್ರೀಡೆಗೆ ಮೀಸಲು. ಅರಸನೇ ಕುಳಿತು ಆಟದ ಬಗ್ಗೆ ಬರೆದ ಊರು ಅದು. ಅದೇ ಊರಿನಲ್ಲಿ, ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ‘ಮಿತಾಕ್ಷರ’ವನ್ನು ಬರೆದ. ಯಾವ ಸ್ವತ್ತಿನ ಮೇಲೆ ಯಾರಿಗೆ ಎಷ್ಟು ಹಕ್ಕು ಎಂಬುದನ್ನು ಬಿಡಿಸಿ ಹೇಳಿದ ಗ್ರಂಥ ಅದು.

ಆಟ ಒಂದು ಕಡೆ, ಸ್ವತ್ತಿನ ಹಕ್ಕು ಇನ್ನೊಂದು ಕಡೆ. ಈ ಎರಡೂ ಒಂದೇ ಪೆಟ್ಟಿಗೆಯಲ್ಲಿ ಸೇರಿಕೊಂಡಿರುವ ವಸ್ತುವೊಂದು ಈಗ ಅನೇಕ ಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿದೆ. ಅದು ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ. ಅದನ್ನು ಬಿಚ್ಚಿ, ಕೆಟ್ಟ ಭಾಗವನ್ನು ತೆಗೆದು, ಬ್ಯಾಟರಿ ಮತ್ತು ಚಿಕ್ಕ ಪರದೆ ಜೋಡಿಸಿ, ಕೈಯಲ್ಲಿ ಹಿಡಿದು ಆಡುವಂತೆ ಮಾಡುವ ಹವ್ಯಾಸವೊಂದು ಜಗತ್ತಿನಲ್ಲಿ ಬೆಳೆದಿದೆ. ಮೇಲುನೋಟಕ್ಕೆ ಹುಡುಗಾಟ. ಒಳಗೆ ಹತ್ತನೆಯ ತರಗತಿಯ ವಿದ್ಯುತ್ ಪಾಠ ಪೂರ್ತಿ ಅಡಗಿದೆ.

ಕ್ಯಾಸೆಟ್ ಊದಿದ ಕಾಲ

1990ರ ದಶಕದಲ್ಲಿ ‘ಟೀವಿ ಗೇಮ್’ ಎಂದು ಕರೆಸಿಕೊಂಡ ಪೆಟ್ಟಿಗೆಗಳ ಮೂಲ ಜಪಾನಿನದು. ನಿಂಟೆಂಡೊ ಕಂಪನಿ 1983ರಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಪ್ರೊಸೆಸರಿನ ವೇಗ ಸೆಕೆಂಡಿಗೆ ಸುಮಾರು 18 ಲಕ್ಷ ಮಿಡಿತ. ಕೆಲಸದ ಸ್ಮೃತಿ ಕೇವಲ 2 ಕಿಲೋಬೈಟು. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರ ಸಾವಿರ ಪಟ್ಟು ಜಾಗ ಕೇಳುತ್ತದೆ. ಅದೇ ಯಂತ್ರದ ನಕಲುಗಳು ಬೇರೆ ಬೇರೆ ಹೆಸರಿನಲ್ಲಿ ಭಾರತಕ್ಕೂ ಬಂದವು. ಬಸವಕಲ್ಯಾಣ, ಹುಮನಾಬಾದ್‌ಗಳಿಗೆ ಇಂಥ ಸಾಮಾನಿನ ದೊಡ್ಡ ಪೇಟೆ ಎಂದರೆ ಬೆಂಗಳೂರಲ್ಲ. ಒಂದೇ ಹೆದ್ದಾರಿಯ ಆಚೆ ಈಚೆ ಇರುವ ಹೈದರಾಬಾದು ಮತ್ತು ಸೊಲ್ಲಾಪುರ.

ಆ ಆಟದ ತುಂಡನ್ನು ಮಕ್ಕಳು ‘ಕ್ಯಾಸೆಟ್’ ಎಂದರು. ಹಾಡಿನ ಕ್ಯಾಸೆಟ್ಟಿನಂತೆ ಅದರೊಳಗೆ ಟೇಪು ಇರಲಿಲ್ಲ. ಇದ್ದದ್ದು ಒಂದು ಪುಟ್ಟ ಹಸಿರು ಫಲಕ, ಅದರ ಮೇಲೆ ಆಟವನ್ನು ಶಾಶ್ವತವಾಗಿ ಕೆತ್ತಿದ ಚಿಪ್ಪು, ಅಂಚಿನಲ್ಲಿ ಸಾಲು ಲೋಹದ ಹಲ್ಲುಗಳು. ಆಟ ಮೂಡದಿದ್ದರೆ ಮಕ್ಕಳು ಆ ಹಲ್ಲುಗಳ ಮೇಲೆ ಬಾಯಿಯಿಂದ ಊದುತ್ತಿದ್ದರು. ಕೆಲವೊಮ್ಮೆ ಆಟ ಬರುತ್ತಿತ್ತು. ಊದಿದ್ದರಿಂದಲ್ಲ, ಕಿತ್ತು ಮತ್ತೆ ತುರುಕಿದಾಗ ಹಲ್ಲು ಹಲ್ಲಿಗೆ ಸರಿಯಾಗಿ ತಾಗಿದ್ದರಿಂದ. ಉಸಿರಿನ ತೇವವಾದರೋ ವರ್ಷಗಳ ಮೇಲೆ ಲೋಹವನ್ನು ಕಿಲುಬು ಹಿಡಿಸುತ್ತದೆ. ಇಂಥ ಕ್ಯಾಸೆಟ್ಟಿಗೆ ಇಂದಿಗೂ ಮೊದಲ ಚಿಕಿತ್ಸೆ ಹತ್ತಿಯ ಕಡ್ಡಿಯಲ್ಲಿ ಅದ್ದಿದ ಐಸೊಪ್ರೊಪೈಲ್ ಆಲ್ಕೊಹಾಲು. ಅಷ್ಟರಿಂದಲೇ ‘ಸತ್ತುಹೋಗಿದೆ’ ಎಂದುಕೊಂಡ ಎಷ್ಟೋ ಆಟಗಳು ಎದ್ದು ಕೂರುತ್ತವೆ.

ಮೊದಲು ಸಾಯುವುದು ಯಾವುದು?

ಯಂತ್ರ ಹಳತಾದಾಗ ಅದರ ಎಲ್ಲ ಭಾಗಗಳೂ ಒಟ್ಟಿಗೆ ಹಳತಾಗುವುದಿಲ್ಲ. ಚಿಪ್ಪಿನೊಳಗೆ ಚಲಿಸುವುದು ಎಲೆಕ್ಟ್ರಾನು ಮಾತ್ರ. ಅಲ್ಲಿ ಉಜ್ಜಾಟವಿಲ್ಲ, ಸವೆತವಿಲ್ಲ. ಸವೆಯುವುದು ತಿರುಗುವ ಭಾಗ. ನಿಂಟೆಂಡೊ 1986ರಲ್ಲಿ ಇದೇ ಯಂತ್ರಕ್ಕೆ ತೆಳುವಾದ ಕಾಂತೀಯ ತಟ್ಟೆಯೊಂದನ್ನು ಜೋಡಿಸುವ ವ್ಯವಸ್ಥೆ ತಂದಿತು. ತಟ್ಟೆಯ ಎರಡೂ ಮಗ್ಗುಲು ಸೇರಿ 112 ಕಿಲೋಬೈಟು. ಅಂಗಡಿಯಲ್ಲಿಟ್ಟ ಯಂತ್ರಕ್ಕೆ ತಟ್ಟೆ ಹಾಕಿ 500 ಯೆನ್ ಕೊಟ್ಟರೆ ಹಳೆಯ ಆಟ ಅಳಿಸಿ ಹೊಸದನ್ನು ಬರೆದು ಕೊಡುತ್ತಿದ್ದರು. ಜಾಣತನದ ಏರ್ಪಾಡು. ಆದರೆ ತಟ್ಟೆಯನ್ನು ತಿರುಗಿಸುವ ರಬ್ಬರ್ ಬೆಲ್ಟು ಕಾಲಾಂತರದಲ್ಲಿ ಕರಗಿ ಅಂಟಾಯಿತು, ಇಲ್ಲವೇ ಹಿಗ್ಗಿತು. ಕ್ಯಾಸೆಟ್ಟುಗಳು ಬದುಕಿದವು; ತಟ್ಟೆಯ ಯಂತ್ರಗಳು ಮೂಲೆ ಸೇರಿದವು.

ಮುಂದೆ ಸಿ.ಡಿ. ಬಂತು. ಸೋನಿ ಕಂಪನಿಯ ಪ್ಲೇಸ್ಟೇಷನ್ 1994ರಲ್ಲಿ, ಸೇಗಾ ಕಂಪನಿಯ ಡ್ರೀಮ್‌ಕಾಸ್ಟ್ 1998ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದವು. ಸಿ.ಡಿ.ಯಲ್ಲಿ ಸುರುಳಿಯಾಗಿ ಸಾಗುವ ಕಣ್ಣಿಗೆ ಕಾಣದ ಗುಳಿಗಳಿವೆ. ಸುರುಳಿಯ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ಅಂತರ 1.6 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಆರುನೂರಕ್ಕೂ ಹೆಚ್ಚು ಸುತ್ತು. 780 ನ್ಯಾನೊಮೀಟರಿನ ಅವಗೆಂಪು ಲೇಸರ್ ಕಿರಣ ಆ ಗುಳಿಗಳನ್ನು ಓದುತ್ತದೆ. ಲೇಸರ್ ಮಂಕಾದರೆ, ಮಸೂರದ ಮೇಲೆ ಧೂಳು ಕೂತರೆ, ಅದನ್ನು ಸರಿಸುವ ಪ್ಲಾಸ್ಟಿಕ್ ಹಲ್ಲುಚಕ್ರ ಸವೆದರೆ ಓದು ನಿಂತಿತು. ಮಿದುಳು ಗಟ್ಟಿಯಾಗಿಯೇ ಇರುತ್ತದೆ. ಕಣ್ಣಿಗೆ ಪೊರೆ ಬಂದಿರುತ್ತದೆ. ಡ್ರೀಮ್‌ಕಾಸ್ಟ್ ತಯಾರಿಕೆ 2001ರಲ್ಲೇ ನಿಂತಿದ್ದರಿಂದ ಆ ಕಣ್ಣಿನ ಬಿಡಿಭಾಗವೂ ಈಗ ಹಳೆಯ ಯಂತ್ರಗಳಿಂದಲೇ ಬರಬೇಕು.

ಬೀರು ಬದಲಾದರೂ ಪುಸ್ತಕ ಅದೇ

ಇಲ್ಲಿ ಹವ್ಯಾಸಿಗಳು ಒಂದು ಸರಳ ಸಂಗತಿಯನ್ನು ಗಮನಿಸಿದರು. ಶಾಲೆಯ ಗ್ರಂಥಾಲಯದಲ್ಲಿ ಕಿಟಕಿಯ ಹೊರಗೆ ನಿಂತ ಹುಡುಗ ಪುಸ್ತಕದ ನಂಬರು ಹೇಳುತ್ತಾನೆ. ಜವಾನ ಒಳಗಿನಿಂದ ತಂದುಕೊಡುತ್ತಾನೆ. ಪುಸ್ತಕ ಮರದ ಬೀರುವಿನಲ್ಲಿತ್ತೋ ಕಬ್ಬಿಣದ ಬೀರುವಿನಲ್ಲಿತ್ತೋ ಹುಡುಗನಿಗೆ ಬೇಕಿಲ್ಲ. ಆಟದ ಯಂತ್ರವೂ ಹಾಗೆಯೇ. ಅದು ‘ಇಷ್ಟನೆಯ ತುಂಡಿನ ಮಾಹಿತಿ ಕೊಡು’ ಎಂದು ಡ್ರೈವಿಗೆ ಸಂದೇಶ ಕಳಿಸುತ್ತದೆ. ಉತ್ತರ ಹೊತ್ತಿಗೆ ಸರಿಯಾಗಿ, ಸರಿಯಾದ ರೂಪದಲ್ಲಿ ಬಂದರೆ ಸಾಕು. ಕೊಟ್ಟವರು ಯಾರೆಂದು ಯಂತ್ರ ಕೇಳುವುದಿಲ್ಲ.

ಆದ್ದರಿಂದ ಡ್ರೈವಿನ ಜಾಗದಲ್ಲಿ, ಡ್ರೈವಿನ ಭಾಷೆಯನ್ನೇ ಆಡುವ ಚಿಕ್ಕ ಫಲಕವೊಂದನ್ನು ಕೂರಿಸಿ, ಮಾಹಿತಿಯನ್ನು ಮೊಬೈಲ್, ಕ್ಯಾಮೆರಾಗಳಲ್ಲಿ ಬಳಸುವಂಥ ಮೆಮರಿ ಕಾರ್ಡಿನಿಂದ ಒದಗಿಸಿದರೆ ಆಯಿತು. ಡ್ರೀಮ್‌ಕಾಸ್ಟಿಗಾಗಿ ಬಂದ ‘ಜಿಡಿಇಎಂಯು’ ಎಂಬ ಫಲಕ ಇದನ್ನೇ ಮಾಡುತ್ತದೆ. ಒಂದು ಡಿಸ್ಕಿನಲ್ಲಿ ಸುಮಾರು 1 ಗಿಗಾಬೈಟ್ ಮಾಹಿತಿ ಇದ್ದರೆ, 64 ಗಿಗಾಬೈಟಿನ ಉಗುರಗಲದ ಕಾರ್ಡಿನಲ್ಲಿ ಒಂದು ಕಪಾಟಿನಷ್ಟು ಡಿಸ್ಕುಗಳು ಅಡಕವಾಗುತ್ತವೆ. ತಿರುಗುವ ಮೋಟರು ಹೋಯಿತು, ಲೇಸರ್ ಹೋಯಿತು, ಸದ್ದು ಹೋಯಿತು. ಅವು ತಿನ್ನುತ್ತಿದ್ದ ವಿದ್ಯುತ್ತೂ ಉಳಿಯಿತು.

ಮೆಮರಿ ಕಾರ್ಡೇನೂ ಅಮರವಲ್ಲ. ಅದರೊಳಗಿನ ಫ್ಲ್ಯಾಶ್ ಸ್ಮೃತಿ ಜಪಾನಿನ ತೋಷಿಬಾ ಕಂಪನಿಯಲ್ಲಿ ಫ್ಯೂಜಿಯೊ ಮಸುಓಕಾ 1980ರ ದಶಕದಲ್ಲಿ ರೂಪಿಸಿದ್ದು. ಸುತ್ತಲೂ ವಿದ್ಯುತ್ ನಿರೋಧಕದ ಗೋಡೆಯಿರುವ ಪುಟ್ಟ ಕೋಣೆಯಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ ಅದು ನೆನಪಿಟ್ಟುಕೊಳ್ಳುತ್ತದೆ. ಗೋಡೆ ಎಷ್ಟೇ ಗಟ್ಟಿಯಿದ್ದರೂ ವರ್ಷಾನುಗಟ್ಟಲೆ ವಿದ್ಯುತ್ತಿಲ್ಲದೆ ಬಿದ್ದಿದ್ದರೆ ಎಲೆಕ್ಟ್ರಾನುಗಳು ಒಂದೊಂದಾಗಿ ಸೋರಿಹೋಗುತ್ತವೆ. ಹಾಗಾಗಿ ಮುಖ್ಯವಾದದ್ದು ಎರಡು ಕಡೆ ಇರಬೇಕು. ಬೀಜದ ಜೋಳವನ್ನು ಒಂದೇ ಹಗೇವಿನಲ್ಲಿ ಇಡದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರೆಂಟಿನ ಲೆಕ್ಕ

ಡ್ರೈವು ತೆಗೆದ ಮೇಲೆ ಪೆಟ್ಟಿಗೆ ಖಾಲಿ ಖಾಲಿ ಕಾಣುತ್ತದೆ. ಕೈಯಲ್ಲಿ ಹಿಡಿಯುವಂತೆ ಮಾಡಬಾರದೇಕೆ ಎಂಬ ಆಸೆ ಹುಟ್ಟುವುದು ಇಲ್ಲೇ. ಇದರ ದಾರಿ ತೋರಿದವರಲ್ಲಿ ಅಮೆರಿಕದ ಬೆಂಜಮಿನ್ ಹೆಕೆಂಡಾರ್ನ್ ಪ್ರಮುಖರು. 1977ರ ಅಟಾರಿ 2600 ಎಂಬ ಯಂತ್ರವನ್ನು ಅವರು 2000ದಲ್ಲಿ ಕೈಯಲ್ಲಿ ಹಿಡಿಯುವ ಗಾತ್ರಕ್ಕೆ ಇಳಿಸಿದರು. 2005ರಲ್ಲಿ ಇಂಥ ಮಾರ್ಪಾಟುಗಳನ್ನು ಹಂತ ಹಂತವಾಗಿ ತಿಳಿಸುವ ಪುಸ್ತಕವನ್ನೂ ತಂದರು. ಕಂಪನಿಗಳೂ ಪ್ರಯತ್ನಿಸಿದ್ದುಂಟು. ಸೇಗಾ 1995ರಲ್ಲಿ ತನ್ನ ಟೀವಿ ಯಂತ್ರದ ಕ್ಯಾಸೆಟ್ಟುಗಳೇ ನಡೆಯುವ ‘ನೊಮ್ಯಾಡ್’ ಎಂಬ ಕೈಯಂತ್ರವನ್ನು ಮಾರಿತು. ಅದಕ್ಕೆ ಆರು ಪೆನ್‌ಸೆಲ್ ಬೇಕಿತ್ತು. ಎರಡು ಮೂರು ಗಂಟೆಯಲ್ಲಿ ಆರೂ ಬರಿದು. ನಿಂಟೆಂಡೊದ 1989ರ ‘ಗೇಮ್ ಬಾಯ್’ ಕಪ್ಪು ಬಿಳುಪಿನ ಬೆಳಕಿಲ್ಲದ ಪರದೆಯಲ್ಲೇ ತೃಪ್ತಿಪಟ್ಟು ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. ಗೆದ್ದದ್ದು ಅದೇ. ಹಿಡಿದು ಆಡುವ ಯಂತ್ರದ ಹಣೆಬರಹ ಬರೆಯುವುದು ಚಿತ್ರದ ಚೆಲುವಲ್ಲ, ಸೆಲ್ಲು.

ಟೀವಿ ಗೇಮಿನ ಒಳಗಿನ ಚಿಪ್ಪುಗಳಿಗೆ ಬೇಕಾದದ್ದು 5 ವೋಲ್ಟ್. ಗೋಡೆಯ ಅಡಾಪ್ಟರು ಕೊಡುವುದು 9 ವೋಲ್ಟ್ ಎಂದಿಟ್ಟುಕೊಳ್ಳೋಣ. ನಡುವೆ 7805 ಎಂಬ ಮೂರು ಕಾಲಿನ ನಿಯಂತ್ರಕ ಕೂತಿರುತ್ತದೆ. ಹೆಚ್ಚಿನ 4 ವೋಲ್ಟನ್ನು ಅದು ಸುಮ್ಮನೆ ಶಾಖವಾಗಿ ಸುಡುತ್ತದೆ. ಯಂತ್ರ 0.3 ಆಂಪಿಯರ್ ಎಳೆದರೆ ಒಳಬಂದ ಸಾಮರ್ಥ್ಯ 9 ಗುಣಿಸು 0.3, ಅಂದರೆ 2.7 ವ್ಯಾಟ್. ಕೆಲಸಕ್ಕೆ ಬಂದದ್ದು 1.5 ವ್ಯಾಟ್. ಉಳಿದ 1.2 ವ್ಯಾಟ್ ಬಿಸಿಯಾಗಿ ಹೋಯಿತು. ಗೋಡೆಯ ಕರೆಂಟಿನಲ್ಲಿ ಈ ದುಂದು ಗೊತ್ತಾಗುವುದಿಲ್ಲ; ಬ್ಯಾಟರಿಯಲ್ಲಿ ಗೊತ್ತಾಗುತ್ತದೆ. ಅದಕ್ಕೇ ಹವ್ಯಾಸಿಗಳು ಮೊದಲು ಕಿತ್ತುಹಾಕುವುದು ಈ ನಿಯಂತ್ರಕವನ್ನು. ಅದರ ಬದಲಿಗೆ ವಿದ್ಯುತ್ತನ್ನು ಸೆಕೆಂಡಿಗೆ ಲಕ್ಷಾಂತರ ಸಲ ಹೊತ್ತಿಸಿ ಆರಿಸಿ, ಸುರುಳಿಯ ನೆರವಿನಿಂದ ಬೇಕಾದ ವೋಲ್ಟಿಗೆ ಇಳಿಸುವ ಸ್ವಿಚಿಂಗ್ ನಿಯಂತ್ರಕ ಹಾಕುತ್ತಾರೆ. ಒಳ್ಳೆಯದಾದರೆ ನೂರಕ್ಕೆ ತೊಂಬತ್ತು ಪಾಲು ಕೆಲಸಕ್ಕೆ ಬರುತ್ತದೆ.

ಇನ್ನು ಬ್ಯಾಟರಿ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ, 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಿಂದ ಮನೆಮಾತಾದ ಲಿಥಿಯಂ ಅಯಾನ್ ಕೋಶವೇ ಇಲ್ಲಿಯೂ. ಲ್ಯಾಪ್‌ಟಾಪುಗಳಲ್ಲಿ ಬಳಕೆಯಾಗುವ 18650 ಎಂಬ ಕೋಶದ ಹೆಸರೇ ಅದರ ಅಳತೆ: ಅಡ್ಡಗಲ 18 ಮಿಲಿಮೀಟರು, ಉದ್ದ 65. ಒಂದು ಕೋಶಕ್ಕೆ 3.7 ವೋಲ್ಟ್. 2.6 ಆಂಪಿಯರ್ ಗಂಟೆಯ ಎರಡು ಕೋಶಗಳಲ್ಲಿ ಒಟ್ಟು ಶಕ್ತಿ ಸುಮಾರು 19 ವ್ಯಾಟ್ ಗಂಟೆ. ಅದರಲ್ಲಿ ನೂರಕ್ಕೆ ತೊಂಬತ್ತು ಕೈಗೆ ಸಿಕ್ಕರೆ 17. ಪರದೆಯೂ ಸೇರಿ 10 ವ್ಯಾಟ್ ಎಳೆಯುವ ಯಂತ್ರ ಒಂದೂಮುಕ್ಕಾಲು ಗಂಟೆ ಓಡೀತು. ಹುಮನಾಬಾದಿನಲ್ಲಿ ಬಸ್ಸು ಹತ್ತಿದವನಿಗೆ ಕಲಬುರಗಿ ಮುಟ್ಟುವವರೆಗೆ ಸಾಕು. ಬರುವಾಗ ಕಿಟಕಿ ನೋಡುತ್ತ ಬರಬೇಕು. ಅದೇ 3 ವ್ಯಾಟಿನ ಹಳೆಯ ಕ್ಯಾಸೆಟ್ ಯಂತ್ರವಾದರೆ ಐದೂವರೆ ಗಂಟೆಗೆ ಅಡ್ಡಿಯಿಲ್ಲ.

ಪರದೆಗೆ ಬಹಳ ದೂರ ಹೋಗಬೇಕಿಲ್ಲ. ಕಾರು, ಲಾರಿ ಹಿಂದಕ್ಕೆ ತೆಗೆಯುವಾಗ ನೋಡಲು ಹಾಕಿಸುವ ನಾಲ್ಕೈದು ಇಂಚಿನ ಪರದೆಗಳಲ್ಲಿ ಅನೇಕವು ಹಳೆಯ ಟೀವಿಯ ಹಳದಿ ಪಿನ್ನಿನ ವಿಡಿಯೋ ಸಂಕೇತವನ್ನೇ ಸ್ವೀಕರಿಸುತ್ತವೆ. ಪುಣೆ-ಹೈದರಾಬಾದ್ ಹೆದ್ದಾರಿ ಮತ್ತು ಬೀದರ್-ಕಲಬುರಗಿ ರಸ್ತೆ ಕೂಡುವ ಹುಮನಾಬಾದಿನಂಥ ಊರಿನಲ್ಲಿ ವಾಹನದ ಸಾಮಾನು ಅಪರೂಪದ್ದೇನಲ್ಲ.

ಗರಗಸ ಹಿಡಿದವರು

ಈ ಹವ್ಯಾಸದ ತುತ್ತತುದಿಯಲ್ಲಿ ಗರಗಸವಿದೆ. ನಿಂಟೆಂಡೊ 2006ರಲ್ಲಿ ತಂದ ‘ವೀ’ ಯಂತ್ರದ ಮೂಲ ಫಲಕವನ್ನೇ ಕತ್ತರಿಸಿ ಅಂಗೈಗಿಂತ ಚಿಕ್ಕದು ಮಾಡುತ್ತಾರೆ. ಪ್ರೊಸೆಸರು, ಚಿತ್ರ ಬಿಡಿಸುವ ಚಿಪ್ಪು, ಸ್ಮೃತಿ ಇವಿಷ್ಟಿರುವ ನಡುಭಾಗ ಉಳಿದರೆ ಸಾಕು; ವಿದ್ಯುತ್ ಹಂಚುವ ಭಾಗ, ಡಿಸ್ಕಿನ ಜೋಡಣೆ ಎಲ್ಲ ಹೊರಗೆ. ಆಟಗಳು ಡಿಸ್ಕಿನ ಬದಲು ಪೆನ್‌ಡ್ರೈವಿನಿಂದ ಬರುತ್ತವೆ. ಕತ್ತರಿಸಿ ಎಸೆದ ವಿದ್ಯುತ್ ಭಾಗದ ಕೆಲಸವನ್ನು ಪ್ರತ್ಯೇಕ ಪುಟ್ಟ ಫಲಕಗಳು ಮಾಡಬೇಕು: 1, 1.15, 1.8 ಮತ್ತು 3.3 ವೋಲ್ಟ್ ಹೀಗೆ ನಾಲ್ಕು ಬಗೆಯ ಹರಿವು. ಮೂಲ ಫಲಕವೆಂದರೆ ಒಂದೇ ಹಾಳೆಯಲ್ಲ. ನಡುನಡುವೆ ತಾಮ್ರದ ಪದರಗಳಿರುವ ಪದರು ಚಪಾತಿ. ಗರಗಸ ಹಾಯ್ದಾಗ ತಾಮ್ರದ ಪುಡಿ ಒಂದು ಪದರವನ್ನು ಇನ್ನೊಂದಕ್ಕೆ ಅಂಟಿಸುತ್ತದೆ. ಹಾಗೇ ವಿದ್ಯುತ್ ಕೊಟ್ಟರೆ ಸುಟ್ಟೇ ಹೋಯಿತು. ಅಂಚನ್ನು ಉಜ್ಜುಕಾಗದದಿಂದ ತಿಕ್ಕಿ, ಮೀಟರಿನಿಂದ ಪದರ ಪದರದ ನಡುವಿನ ರೋಧ ಅಳೆದ ಮೇಲೆಯೇ ಮುಂದಿನ ಹೆಜ್ಜೆ.

ಇದು ಒಪ್ಪತಕ್ಕ ಕೆಲಸವೇ? ಇಲ್ಲಿ ಹವ್ಯಾಸಿಗಳಲ್ಲೇ ಎರಡು ಮಾತಿದೆ. ಡ್ರೈವ್ ಬದಲಿಸುವುದು ಹಿಂದಿರುಗಬಹುದಾದ ದಾರಿ. ಹಳೆಯ ಡ್ರೈವನ್ನು ಎತ್ತಿಟ್ಟರೆ ಯಾವಾಗ ಬೇಕಾದರೂ ಮತ್ತೆ ಕೂರಿಸಬಹುದು. ಗರಗಸ ಹಿಂದಿರುಗದ ದಾರಿ. ಡ್ರೀಮ್‌ಕಾಸ್ಟ್, ವೀ ಇವೆಲ್ಲ ಈಗ ತಯಾರಾಗುತ್ತಿಲ್ಲ. ನೆಟ್ಟಗೆ ನಡೆಯುತ್ತಿರುವ ಒಂದು ಯಂತ್ರವನ್ನು ಕೊಯ್ದರೆ ಜಗತ್ತಿನಲ್ಲಿ ಅಂಥದ್ದು ಒಂದು ಕಡಿಮೆಯಾಯಿತು. ಹೊಸ ಅಲಂಕಾರಕ್ಕಾಗಿ ಹಳೆಯ ಗುಡಿಯ ಕಂಬ ಕೀಳುವ ಮಾತಿದು. ಆದರೆ ಡ್ರೈವು ಸತ್ತು, ಪೆಟ್ಟಿಗೆ ಒಡೆದು, ಗುಜರಿಗೆ ಹೊರಟ ಯಂತ್ರದ ನಡುಭಾಗವನ್ನು ಉಳಿಸುವುದಾದರೆ ಗರಗಸ ವೈದ್ಯನ ಕತ್ತಿ. ಒಂದೇ ಉಪಕರಣ, ಎರಡು ಕೆಲಸ. ಯಾವುದನ್ನು ಕೊಯ್ಯಬೇಕು ಎಂಬ ವಿವೇಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಯಾರ ಆಟ, ಯಾರ ಹಕ್ಕು?

ಇನ್ನು ವಿಜ್ಞಾನೇಶ್ವರನ ಪ್ರಶ್ನೆ. ಯಂತ್ರ ಕೊಂಡವನದು, ಅದನ್ನು ಬಿಚ್ಚುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಡಿಸ್ಕಿನೊಳಗಿನ ಆಟ? ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ನು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು ಅದು ಹಾಳಾಗದಂತೆ ರಕ್ಷಣೆಗಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಅದೇ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಸೆಕ್ಷನ್ನು, ಕೃತಿಸ್ವಾಮ್ಯವನ್ನು ಮುರಿಯುವ ಉದ್ದೇಶದಿಂದ ರಕ್ಷಣೆಯ ಬೀಗ ಒಡೆದರೆ ಎರಡು ವರ್ಷದವರೆಗೆ ಸಜೆ, ಜೊತೆಗೆ ದಂಡ ಎನ್ನುತ್ತದೆ. ತನ್ನ ಡಿಸ್ಕಿನ ಪ್ರತಿಯನ್ನು ತನ್ನ ಕಾರ್ಡಿನಲ್ಲಿ ಇಟ್ಟುಕೊಂಡವನು ಒಂದು ಕಡೆ. ಕೊಳ್ಳದ ಸಾವಿರ ಆಟಗಳನ್ನು ತುಂಬಿ ಮಾರುವವನು ಇನ್ನೊಂದು ಕಡೆ. ಕಾರ್ಡು ಎರಡರಲ್ಲೂ ಒಂದೇ ಬಗೆಯದು. ಉದ್ದೇಶ ಬೇರೆ.

ಹಾಗೆಂದು ಎಲ್ಲವೂ ಕೊಳ್ಳಲು ಸಿಗುತ್ತದೆಯೇ ಎಂದರೆ ಅದೂ ಇಲ್ಲ. ಅಮೆರಿಕದಲ್ಲಿ ಹಳೆಯ ಆಟಗಳ ಸಂರಕ್ಷಣೆಗೆ ದುಡಿಯುವ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ನೂರಕ್ಕೆ 87 ಈಗ ಮಾರಾಟದಲ್ಲೇ ಇಲ್ಲ. ಡಿಸ್ಕು ಸತ್ತರೆ, ಓದುವ ಯಂತ್ರ ಸತ್ತರೆ ಅವೂ ಸತ್ತಂತೆ. ತಾಳೆಗರಿಯನ್ನು ಗೆದ್ದಲು ತಿಂದಾಗ ಹೋದದ್ದು ಗರಿ ಮಾತ್ರವಲ್ಲ ಎಂಬುದು ಕನ್ನಡದವರಿಗೆ ಗೊತ್ತಿರುವ ಸಂಕಟ. ಕಾಲಕಾಲಕ್ಕೆ ಹೊಸ ಗರಿಗೆ ಪ್ರತಿ ಮಾಡಿದವರಿಂದಲೇ ಹಳೆಯ ಕಾವ್ಯ ಉಳಿಯಿತು.

ರಿಪೇರಿಯ ಹಕ್ಕಿನ ಮಾತೂ ಈಗ ದೆಹಲಿಯವರೆಗೆ ಮುಟ್ಟಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಇದಕ್ಕಾಗಿ ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲು, ಮನೆಬಳಕೆಯ ಯಂತ್ರ, ವಾಹನಗಳನ್ನು ಮೊದಲಿಗೆ ಎತ್ತಿಕೊಂಡಿತು. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಕೆಟ್ಟದ್ದನ್ನು ಎಸೆಯುವ ಮೊದಲು ಸರಿಮಾಡಲು ಬರುತ್ತದೆಯೇ ಎಂದು ನೋಡುವುದು ಹಳ್ಳಿ ಪೇಟೆಗಳ ಹಳೆಯ ಪದ್ಧತಿ. ಈಗ ಅದಕ್ಕೆ ಕಾಯ್ದೆಯ ಭಾಷೆ ಸಿಗುತ್ತಿದೆ.

ಕೈ ಹಾಕುವ ಮೊದಲು

ಹುಮ್ಮಸ್ಸಿನ ಹುಡುಗರು ನೆನಪಿಡಬೇಕಾದ ಕೆಲವು ಮಾತುಗಳಿವೆ. ಲಿಥಿಯಂ ಕೋಶಕ್ಕೆ ನೇರವಾಗಿ ಬೆಸುಗೆ ಹಾಕಬಾರದು. ಶಾಖ ಅದರ ಒಳಪದರವನ್ನು ಕೆಡಿಸುತ್ತದೆ. ಕೋಶ 4.2 ವೋಲ್ಟ್ ಮೀರಿ ತುಂಬದಂತೆ, ತೀರ ಬರಿದಾಗದಂತೆ ಕಾಯುವ ರಕ್ಷಣಾ ಫಲಕ ಕಡ್ಡಾಯ. ಉಬ್ಬಿದ ಬ್ಯಾಟರಿಯನ್ನು ಚುಚ್ಚುವುದು, ಒತ್ತುವುದು ಬೆಂಕಿಯೊಡನೆ ಆಟ. ಹಳೆಯ ಡಬ್ಬದ ಟೀವಿಯ ಗಾಜಿನ ಕೊಳವೆಯಲ್ಲಿ ಸ್ವಿಚ್ಚು ಆರಿಸಿ ಬಹಳ ಹೊತ್ತಾದರೂ ಸಾವಿರಾರು ವೋಲ್ಟ್ ಉಳಿದಿರಬಲ್ಲದು. ಪರದೆಗಾಗಿ ಅದನ್ನು ಬಿಚ್ಚುವ ಸಾಹಸ ಬೇಡವೇ ಬೇಡ. ಬೆಸುಗೆಯ ತಂತಿಯಲ್ಲಿ ಸೀಸವಿರಬಹುದು. ಕಿಟಕಿ ತೆರೆದಿರಲಿ, ಕೈ ತೊಳೆಯದೆ ಊಟ ಬೇಡ. ಮೊದಲ ಸಲ ಬಿಚ್ಚುವಾಗ ರಿಪೇರಿ ಬಲ್ಲವರೊಬ್ಬರು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.

ಹಾಗೆಯೇ ಮೊದಲ ದಿನವೇ ಗರಗಸ ಹಿಡಿಯಬೇಕಿಲ್ಲ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ, ಸ್ಕ್ರೂ ಬಿಚ್ಚಿ, ಯಾವ ಸ್ಕ್ರೂ ಎಲ್ಲಿಯದೆಂದು ಹಾಳೆಯ ಮೇಲೆ ಬರೆದಿಟ್ಟುಕೊಂಡು, ಧೂಳು ಒರೆಸಿ, ಕ್ಯಾಸೆಟ್ಟಿನ ಹಲ್ಲು ತೊಳೆದು, ಮತ್ತೆ ಮೊದಲಿನಂತೆ ಜೋಡಿಸಿದರೆ ಒಂದು ಭಾನುವಾರಕ್ಕೆ ಅಷ್ಟು ಸಾಕು. ಮುಂದಿನ ಭಾನುವಾರ ಮೀಟರು ಹಿಡಿದು 7805ರ ಮೂರು ಕಾಲುಗಳಲ್ಲಿ ಯಾವುದರಲ್ಲಿ 9 ವೋಲ್ಟ್, ಯಾವುದರಲ್ಲಿ 5 ಎಂದು ಹುಡುಕಬಹುದು. ಪುಸ್ತಕದಲ್ಲಿ ಬಾಯಿಪಾಠ ಮಾಡಿದ ವೋಲ್ಟ್, ಆಂಪಿಯರ್, ವ್ಯಾಟ್‌ಗಳು ಅಲ್ಲಿ ಮುಳ್ಳಿನ ಅಲುಗಾಟವಾಗಿ, ಬೆರಳಿಗೆ ತಾಗುವ ಬಿಸಿಯಾಗಿ ಕಾಣಿಸುತ್ತವೆ. ಒಮ್ಮೆ ಹಾಗೆ ಕಂಡದ್ದು ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ. ಆಟದ ಪೆಟ್ಟಿಗೆ ಅಂಗೈಗೆ ಬರಲಿ, ಬಾರದಿರಲಿ, ಅಷ್ಟು ವಿಜ್ಞಾನ ಕೈಗೆ ಬಂದಿರುತ್ತದೆ.